ಇಂಗ್ಲಿಷ್ ಪದಗಳ ಬೇರು ಹುಡುಕುತ್ತಾ

ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಎಡಗಡೆ ಪದ, ಬಲಗಡೆ ಅರ್ಥ, ವಾರ ಕಳೆದರೆ ಎರಡೂ ಮಾಯ. ಅದೇ ಪದ ಎಲ್ಲಿಂದ ಬಂತು ಅಂತ ಒಮ್ಮೆ ಗೊತ್ತಾದರೆ ಮನಸ್ಸಲ್ಲಿ ಕೂತುಬಿಡುತ್ತದೆ.

ಪೆಟ್ರಿಕೋರ್ ನನಗೆ ತುಂಬಾ ಇಷ್ಟದ ಪದ. ಒಣಗಿದ ನೆಲಕ್ಕೆ ಮಳೆ ಬಿದ್ದಾಗ ಘಮ್ಮಂತ ಏಳುತ್ತದಲ್ಲ, ಆ ವಾಸನೆಯ ಹೆಸರು. 1964ರಲ್ಲಿ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಕಟ್ಟಿದರು. ಗ್ರೀಕ್ ಭಾಷೆಯಲ್ಲಿ ಪೆಟ್ರಾ ಅಂದರೆ ಬಂಡೆ, ಐಕೋರ್ ಅಂದರೆ ಅಲ್ಲಿನ ಪುರಾಣದ ದೇವರುಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಇಷ್ಟು ಚೆಂದದ ಹೆಸರು ಇಟ್ಟರಲ್ಲ ಅಂತ ಇವತ್ತಿಗೂ ಖುಷಿಯಾಗುತ್ತದೆ. ಸೆರೆಂಡಿಪಿಟಿಯೂ ಹೀಗೇ, ಕಟ್ಟಿದ ಪದ. ಏನೋ ಹುಡುಕುವಾಗ ಇನ್ನೇನೋ ಒಳ್ಳೆಯದು ಸಿಗುವುದಕ್ಕೆ ಹೊರೇಸ್ ವಾಲ್‌ಪೋಲ್ ಎಂಬ ಇಂಗ್ಲಿಷ್ ಲೇಖಕ 1754ರ ಒಂದು ಪತ್ರದಲ್ಲಿ ಈ ಹೆಸರು ಕೊಟ್ಟ. ಸೆರೆಂಡಿಪ್ ಅಂದರೆ ಶ್ರೀಲಂಕಾದ ಹಳೆಯ ಹೆಸರು, ಅಲ್ಲಿನ ಮೂವರು ರಾಜಕುಮಾರರ ಕಥೆಯಿಂದ ಈ ಪದ ಹುಟ್ಟಿದ್ದು.

ಪ್ರೊಕ್ರಾಸ್ಟಿನೇಟ್ ಅಂದರೆ ಕೆಲಸ ಮುಂದೂಡುವುದು. ಅದರೊಳಗಿನ ಕ್ರಾಸ್ ಲ್ಯಾಟಿನ್‌ನಲ್ಲಿ 'ನಾಳೆ'. ಇನ್ನು ಮರೆಯೋದು ಹೇಗೆ?

ಒಂದು ಬೇರು ಸಿಕ್ಕರೆ ಇಡೀ ಕುಟುಂಬವೇ ಸಿಗುತ್ತದೆ. ಸ್ಪೆಕ್ಟ್ ಎಂಬ ಬೇರಿಗೆ 'ನೋಡು' ಅಂತ ಅರ್ಥ. ಇನ್‌ಸ್ಪೆಕ್ಟ್ ಒಳಗೆ ನೋಡುವುದು, ಪ್ರಾಸ್ಪೆಕ್ಟ್ ಮುಂದಕ್ಕೆ, ರೆಟ್ರೋಸ್ಪೆಕ್ಟ್ ಹಿಂದಕ್ಕೆ, ಸುಮ್ನೆ ನೋಡುತ್ತಾ ಕೂತವನು ಸ್ಪೆಕ್ಟೇಟರ್. ರೆಸ್ಪೆಕ್ಟ್ ಕೂಡ ಇದೇ ಮನೆಯದು, ತಿರುಗಿ ನೋಡುವಷ್ಟು ಬೆಲೆ ಕೊಡುವುದು ಅಂತ.

ಆದರೆ ಬೇರನ್ನೇ ಪೂರ್ತಿ ನಂಬಬೇಡಿ. ನೈಸ್ ಲ್ಯಾಟಿನ್‌ನ 'ತಿಳಿಯದ' ಎಂಬ ಪದದಿಂದ ಬಂದದ್ದು, ಒಂದು ಕಾಲದಲ್ಲಿ ಇಂಗ್ಲಿಷಿನಲ್ಲೂ ಅದಕ್ಕೆ 'ದಡ್ಡ' ಅಂತಲೇ ಅರ್ಥ ಇತ್ತು. ಈಗ ಎಷ್ಟು ಬದಲಾಗಿದೆ ನೋಡಿ. ಹಾಗಾಗಿ ಪದ ಇವತ್ತು ಯಾರ ಜೊತೆ ಓಡಾಡುತ್ತದೆ ಅನ್ನುವುದನ್ನೂ ಗಮನಿಸಬೇಕು. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್. ಅದಲುಬದಲು ಮಾಡಿದರೆ ವ್ಯಾಕರಣ ಸರಿ ಇದ್ದರೂ ಕಿವಿಗೆ ಒಗ್ಗುವುದಿಲ್ಲ, ಅಲ್ವಾ? ಇದಕ್ಕೇ ನಾನು ನಿಘಂಟಿನಲ್ಲಿ ಅರ್ಥಕ್ಕಿಂತ ಜಾಸ್ತಿ ಹೊತ್ತು ಅದರ ಕೆಳಗಿನ ಉದಾಹರಣೆ ವಾಕ್ಯಗಳನ್ನೇ ಓದುತ್ತೇನೆ, ಆಮೇಲೆ ಅದೇ ಪದ ಹಾಕಿ ನನ್ನದೇ ಒಂದು ವಾಕ್ಯ ಬರೆಯುತ್ತೇನೆ.