ಸಿಸೇರಿಯನ್ ಆದಮೇಲೆ ಮನೆಗೆ ಯಾವಾಗ?

ಥಿಯೇಟರಿನಿಂದ ವಾರ್ಡಿಗೆ ಕರೆತಂದ ಸ್ವಲ್ಪ ಹೊತ್ತಿನಲ್ಲೇ ಮನೆಯವರಿಂದ ಬರುವ ಪ್ರಶ್ನೆ: ಎಷ್ಟು ದಿನ ಇಲ್ಲಿರಬೇಕು? ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ. ಆದರೆ ಈ ಅಂಕಿಯನ್ನಷ್ಟೇ ಹಿಡಿದುಕೊಂಡರೆ ಮುಖ್ಯವಾದದ್ದು ಕೈತಪ್ಪುತ್ತದೆ. ಹೆರಿಗೆಯಾದ ಮೇಲೆ ಬರಬಹುದಾದ ಒಂದೊಂದು ತೊಂದರೆಗೂ ಒಂದೊಂದು ಹೊತ್ತಿದೆ. ಕೆಲವು ಮೊದಲ ದಿನವೇ ಬರುತ್ತವೆ, ಕೆಲವು ನಾಲ್ಕನೇ ದಿನದವರೆಗೆ ಸುಳಿವೇ ಕೊಡುವುದಿಲ್ಲ. ಯಾವುದರ ಹೊತ್ತು ಕಳೆದಿದೆ, ಯಾವುದು ಇನ್ನೂ ಬಾಕಿ ಇದೆ, ಬಾಕಿ ಇರುವುದನ್ನು ಮನೆಗೆ ಹೋದಮೇಲೆ ಯಾರು ನೋಡುತ್ತಾರೆ ಅನ್ನುವುದರ ಮೇಲೆ ಡಿಸ್ಚಾರ್ಜ್ ನಿರ್ಧಾರವಾಗಬೇಕು.

ದೇಶದಿಂದ ದೇಶಕ್ಕೆ ಲೆಕ್ಕ ಬೇರೆ. ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಜ್ವರವಿಲ್ಲದೆ, ತೊಡಕಿಲ್ಲದೆ ಚೇತರಿಸಿಕೊಳ್ಳುತ್ತಿರುವ ತಾಯಿ 24 ಗಂಟೆ ಕಳೆದಮೇಲೆ ಮನೆಗೆ ಹೋಗಬಹುದು. ಅಮೆರಿಕದಲ್ಲಿ 1996ರ ಕಾಯ್ದೆ, ಹೆರಿಗೆಯ ವಿಮೆ ಕೊಡುವ ಕಂಪನಿಗಳು ಸಿಸೇರಿಯನ್ ಆದವರಿಗೆ ಕನಿಷ್ಠ 96 ಗಂಟೆಯ ವಾಸವನ್ನು ಭರಿಸಬೇಕು ಎನ್ನುತ್ತದೆ. ಹಾಗಾದರೆ ಒಂದು ದಿನ ಸರಿಯೋ, ನಾಲ್ಕು ದಿನ ಸರಿಯೋ? ಬ್ರಿಟನ್ನಿನ 24 ಗಂಟೆಯ ಜೊತೆಗೆ ಮನೆಗೇ ಬಂದು ತಾಯಿ, ಮಗುವನ್ನು ನೋಡುವ ಏರ್ಪಾಡೂ ಸೇರಿದೆ. ಆ ಏರ್ಪಾಡು ಇಲ್ಲದ ಕಡೆ ಬರೀ 24 ಗಂಟೆಯನ್ನು ಎತ್ತಿ ತಂದರೆ ಅದು ಅಪಾಯ.

ಮೊದಲ 24 ಗಂಟೆಯಲ್ಲಿ ಮಾತ್ರ ಚೌಕಾಶಿ ಇಲ್ಲ. ಹೆರಿಗೆಯ ನಂತರದ ಭಾರೀ ರಕ್ತಸ್ರಾವ ಹೆಚ್ಚಾಗಿ ಈ ಅವಧಿಯಲ್ಲೇ ಆಗುವುದು, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ. ಮಾಸು ಬಿಟ್ಟುಕೊಂಡ ಜಾಗದ ರಕ್ತನಾಳಗಳು ಮುಚ್ಚಬೇಕಾದರೆ ಗರ್ಭಕೋಶ ಗಟ್ಟಿಯಾಗಿ ಕುಗ್ಗಿಕೊಂಡಿರಬೇಕು. ನರ್ಸ್ ಬಂದು ಹೊಟ್ಟೆ ಒತ್ತಿ ನೋಡುವುದು ಇದಕ್ಕೇ. ಹೊಲಿಗೆ ಹಸಿಯಿರುವಾಗ ಒತ್ತಿದರೆ ನೋಯುತ್ತದೆ, ಆದರೂ ಬೇಡ ಅನ್ನಬೇಡಿ. ಹೊರಗೆ ಬರುವ ರಕ್ತ ಪ್ಯಾಡಿನಲ್ಲಿ ಕಾಣುತ್ತದೆ, ಹೊಟ್ಟೆಯೊಳಗೆ ಸೋರುವುದು ಕಾಣುವುದಿಲ್ಲ. ನಾಡಿಬಡಿತ ಏರುತ್ತಾ ಹೋಗುವುದು, ಮೂತ್ರ ಕಡಿಮೆಯಾಗುವುದು, ಮುಖ ಬಿಳಿಚುವುದು, ಕಾರಣವಿಲ್ಲದ ಚಡಪಡಿಕೆ, ಇವೇ ಅದರ ಗುರುತು. ಬಿ.ಪಿ. ಬೀಳುವುದು ಕೊನೆಗೆ. ಅದಕ್ಕಾಗಿಯೇ ಮೊದಲ ಎರಡು ಗಂಟೆ ಅರ್ಧರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡುತ್ತಾರೆ. ಅರಿವಳಿಕೆಗೆಂದು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಲ್ಲಿ ನೋವು ತಗ್ಗಿಸುವ ಮಾರ್ಫಿನ್ ಸೇರಿಸಿದ್ದರೆ ಉಸಿರಾಟದ ಮೇಲೂ 12ರಿಂದ 24 ಗಂಟೆ ಕಣ್ಣಿಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೈ, ಮುಖ ಕಡಿಯುವುದೂ ಬಹಳ ಸಲ ಅದೇ ಮಾರ್ಫಿನ್ನಿನಿಂದ, ಅಲರ್ಜಿಯಿಂದಲ್ಲ. ಹಾಗೆಂದು ಹೇಳದೇ ಇರಬೇಡಿ.

ಮೂತ್ರ ಹೊರಹೋಗಲು ಹಾಕಿದ ಕೊಳವೆಯನ್ನು (ಕ್ಯಾಥೆಟರ್) ತಾಯಿ ಎದ್ದು ನಡೆಯುವಂತಾದ ಮೇಲೆ ತೆಗೆಯುತ್ತಾರೆ, ಬಹಳ ಕಡೆ ಆಪರೇಷನ್ ಆಗಿ ಸುಮಾರು 12 ಗಂಟೆಯ ನಂತರ. ತೆಗೆದು ಆರು ಗಂಟೆಯೊಳಗೆ ತಾನಾಗಿ ಮೂತ್ರ ಹೋಗಬೇಕು. ‘ಹೋಯಿತಾ?’ ಎಂದು ಕೇಳಿ ಬಿಟ್ಟರೆ ಸಾಲದು, ಎಷ್ಟು ಹೋಯಿತು ಎಂದು ಅಳೆದು ನೋಡಬೇಕು. ಒಂದು ಸಲಕ್ಕೆ 200 ಮಿ.ಲೀ. ದಾಟಿದರೆ ನೆಮ್ಮದಿ. ಪದೇಪದೇ ಎದ್ದು ಹೋಗಿ ಒಂದಿಷ್ಟೇ ಇಷ್ಟು ಬರುತ್ತಿದ್ದರೆ ಮೂತ್ರಚೀಲ ತುಂಬಿ ತುಳುಕುತ್ತಿದೆ ಎಂದೇ ಅನುಮಾನಿಸಬೇಕು. ಅರಿವಳಿಕೆಯಿಂದ ಮೂತ್ರಚೀಲದ ಅರಿವು ಮಂಕಾಗಿರುತ್ತದೆ, ತುಂಬಿದ್ದು ತಾಯಿಗೆ ಗೊತ್ತೇ ಆಗುವುದಿಲ್ಲ. ಒಮ್ಮೆ ವಿಪರೀತ ಹಿಗ್ಗಿದ ಚೀಲ ವಾರಗಟ್ಟಲೆ ಸರಿಯಾಗಿ ಖಾಲಿಯಾಗದೇ ಉಳಿಯಬಹುದು. ತುಂಬಿದ ಚೀಲ ಗರ್ಭಕೋಶವನ್ನೂ ಕುಗ್ಗಲು ಬಿಡದೆ ರಕ್ತಸ್ರಾವ ಹೆಚ್ಚಿಸುತ್ತದೆ. ಸಣ್ಣದೆಂದು ಕಾಣುವ ಈ ಒಂದು ಅಳತೆ ಆಗದೇ ಯಾರನ್ನೂ ಮನೆಗೆ ಕಳಿಸಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಹಾಸಿಗೆಯಿಂದ ಏಳುವುದು ಆಪರೇಷನ್ ಆದ ಆರೆಂಟು ಗಂಟೆಯಲ್ಲಿ, ಕಾಲಿನ ಬಲ ಪೂರ್ತಿ ಬಂದಮೇಲೆ. ನೆಟ್ಟಗೆ ಹೊಟ್ಟೆ ಬಿಗಿದು ಏಳಬೇಡಿ. ಮಂಡಿ ಮಡಚಿ ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗೆ ಬಿಟ್ಟು, ಮೊಣಕೈ ಊರಿ ಮೇಲೇಳಿ. ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ತಲೆ ತಿರುಗದಿದ್ದರೆ ನಿಂತುಕೊಳ್ಳಿ. ಮೊದಲ ಸಲ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕೆಮ್ಮುವಾಗ, ನಗುವಾಗ ಹೊಲಿಗೆಗೆ ದಿಂಬು ಒತ್ತಿ ಹಿಡಿದರೆ ನೋವು ಎಷ್ಟೋ ಕಡಿಮೆ. ಬೇಗ ಎಬ್ಬಿಸುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು. ಬಸಿರಿನಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ, ಆಪರೇಷನ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಪಾಯ ಜಾಸ್ತಿ ಇರುವವರಿಗೆ ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ 10 ದಿನ, ಕೆಲವರಿಗೆ ಆರು ವಾರ ಬೇಕಾಗುತ್ತದೆ. ಅಂಥವರು ಚುಚ್ಚಿಕೊಳ್ಳುವುದನ್ನು ವಾರ್ಡಿನಲ್ಲೇ ಕಲಿತು, ಒಮ್ಮೆ ನರ್ಸ್ ಎದುರಿಗೆ ತಾವೇ ಮಾಡಿ ತೋರಿಸಿ ಹೊರಡುವುದು ಒಳ್ಳೆಯದು.

ಊಟದ ವಿಷಯ ಸರಳ. ವಾಂತಿ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ನೀರು ಕುಡಿದು, ಹಸಿವಾದಾಗ ತಿನ್ನಬಹುದು. ಹೂಸು ಹೋಗುವವರೆಗೆ ಉಪವಾಸ ಇರಬೇಕಿಲ್ಲ, ಮನೆಗೆ ಹೋಗಲು ಮಲ ಹೋಗಿರಲೇಬೇಕೆಂಬ ನಿಯಮವೂ ಇಲ್ಲ. ಹೊಟ್ಟೆ ಬಿಗಿದು ಉಬ್ಬುತ್ತಾ ಹೋಗಿ ವಾಂತಿಯೂ ಬಂದರೆ ಮಾತ್ರ ಕರುಳು ಕೆಲಸ ನಿಲ್ಲಿಸಿದೆಯೇ ಎಂದು ನೋಡಬೇಕು.

ನೋವಿನ ಮಾತ್ರೆಯ ವಿಷಯದಲ್ಲಿ ಹೆಚ್ಚು ತಪ್ಪಾಗುವುದು ‘ತಡೆಯಲಾಗದಿದ್ದಾಗ ತಗೊಂಡರಾಯಿತು’ ಅನ್ನುವಲ್ಲಿ. ನೋವು ಏರಿದಮೇಲೆ ಅದನ್ನು ಇಳಿಸುವುದು ಕಷ್ಟ. ನೋವಿರುವ ತಾಯಿ ಏಳುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ, ಹಾಲು ಕುಡಿಸಲು ಸರಿಯಾಗಿ ಕೂರುವುದಿಲ್ಲ. ತೂಕ 50 ಕೆ.ಜಿ.ಗಿಂತ ಹೆಚ್ಚಿದ್ದು ಲಿವರ್ ತೊಂದರೆ ಇಲ್ಲದವರಿಗೆ ಪ್ಯಾರಸಿಟಮಾಲ್ 1 ಗ್ರಾಂ ಆರು ಗಂಟೆಗೊಮ್ಮೆ, ದಿನಕ್ಕೆ ಒಟ್ಟು 4 ಗ್ರಾಂ ಮೀರದಂತೆ. ಅದರ ಜೊತೆಗೆ ಐಬುಪ್ರೊಫೆನ್ 400 ಮಿ.ಗ್ರಾಂ ದಿನಕ್ಕೆ ಮೂರು ಸಲ, ಆಹಾರದ ನಂತರ. ಮೊದಲ ಎರಡು ಮೂರು ದಿನ ಇವನ್ನು ಗಡಿಯಾರ ನೋಡಿ ಕೊಡಬೇಕು. ಎರಡರಲ್ಲೂ ಎದೆಹಾಲಿಗೆ ತೊಂದರೆಯಿಲ್ಲ. ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು, ಇಂಥ ಮಾತ್ರೆಯಿಂದ ಉಬ್ಬಸ ಬರುವವರಿಗೆ ಐಬುಪ್ರೊಫೆನ್ ಬೇಡ, ಬಿ.ಪಿ. ಜಾಸ್ತಿ ಇದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ. ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ, ಎರಡನ್ನೂ ನುಂಗಿ ಲೆಕ್ಕ ಮೀರಿಸಬೇಡಿ. ಹಾಲೂಡಿಸುವ ತಾಯಿಗೆ ಕೊಡೀನ್ ಎಂಬ ನೋವಿನ ಔಷಧ ಒಳ್ಳೆಯದಲ್ಲ. ಕೆಲವರ ದೇಹ ಅದನ್ನು ಬಹುಬೇಗ ಮಾರ್ಫಿನ್ ಆಗಿ ಬದಲಿಸುತ್ತದೆ, ಅದು ಹಾಲಿನ ಮೂಲಕ ಮಗುವಿನ ಉಸಿರಾಟವನ್ನೇ ಕುಗ್ಗಿಸಬಹುದು. ಬರೀ ಮಾತ್ರೆಯಲ್ಲಿ ನೋವು ತಡೆದುಕೊಂಡು ತಾನೇ ಬಚ್ಚಲಿಗೆ ಹೋಗಿಬರುವಂತಾದರೆ ಮನೆಗೆ ಹೋಗಲು ಇದ್ದ ಒಂದು ದೊಡ್ಡ ಅಡ್ಡಿ ಕಳೆದಂತೆ.

ಇನ್ನು ಮೂರರಿಂದ ಐದನೇ ದಿನ. ಬಹಳಷ್ಟು ತಾಯಂದಿರು ಮನೆ ಸೇರಿರುವ ದಿನಗಳಿವು, ಎಷ್ಟೋ ತೊಂದರೆಗಳು ತಲೆಯೆತ್ತುವುದೂ ಈಗಲೇ.

ಬಿ.ಪಿ. ಹೆರಿಗೆಯಾದ ಕೂಡಲೇ ಇಳಿದು ಹಾಗೇ ಉಳಿಯುತ್ತದೆ ಎಂದುಕೊಂಡರೆ ತಪ್ಪು. ಮೂರರಿಂದ ಆರನೇ ದಿನದ ನಡುವೆ ಅದು ಮತ್ತೆ ಏರಿ ತುದಿ ಮುಟ್ಟುತ್ತದೆ. ಬಸಿರಿನಲ್ಲಿ ಬಿ.ಪಿ. ಹೆಚ್ಚಿದ್ದವರು ಎರಡನೇ ದಿನ ಹೊರಟರೆ ಅತ್ಯಂತ ಕೆಟ್ಟ ಹೊತ್ತನ್ನು ಮನೆಯಲ್ಲಿ ಕಳೆದಂತಾಗುತ್ತದೆ. ಅಂಥವರು ಒಂದೆರಡು ದಿನ ಹೆಚ್ಚು ಉಳಿಯಲಿ, ಇಲ್ಲವೇ ಮನೆಯಲ್ಲೇ ದಿನವೂ ಬಿ.ಪಿ. ಅಳೆದು ಬರೆದಿಡಲಿ. 150/100 ಮುಟ್ಟಿದರೆ ಔಷಧದ ಮಾತು ಅಂದೇ ಆಗಬೇಕು. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ 15 ನಿಮಿಷದಲ್ಲಿ ಇನ್ನೊಮ್ಮೆ ನೋಡಿ, ಇಳಿಯದಿದ್ದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೊರಡಿ. ಬಸಿರಿನಲ್ಲಿ ಏನೂ ಇರದಿದ್ದವರಿಗೂ ಹೆರಿಗೆಯ ನಂತರ ಇದು ಹೊಸದಾಗಿ ಬರುವುದುಂಟು. ಜೋರು ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ಇವನ್ನು ನಿದ್ದೆಗೇಡಿನ ಲೆಕ್ಕಕ್ಕೆ ಸೇರಿಸಿಬಿಡಬೇಡಿ.

ತಲೆನೋವಿನಲ್ಲಿ ಇನ್ನೊಂದು ಬಗೆಯಿದೆ. ಕೂತರೆ, ನಿಂತರೆ ತಲೆ ಸೀಳುವಂತಾಗಿ, ಮಲಗಿದರೆ ಕಡಿಮೆಯಾಗುವುದು ಬೆನ್ನಿನ ಸೂಜಿಯಿಂದ ಬಂದದ್ದು. ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ ಶುರುವಾಗುತ್ತದೆ. ಮಾತ್ರೆಗೆ ಬಗ್ಗದಿದ್ದರೆ ತಾಯಿಯದೇ ರಕ್ತವನ್ನು ಸ್ವಲ್ಪ ಬೆನ್ನಿಗೆ ಕೊಟ್ಟು ಆ ತೂತನ್ನು ಮುಚ್ಚುವ ಚಿಕಿತ್ಸೆ ಇದೆ, ಆದ್ದರಿಂದ ಸಹಿಸಿಕೊಂಡು ಮಲಗಿರಬೇಕಿಲ್ಲ.

ಗಾಯದ ಸೋಂಕೂ ಹೆಚ್ಚಾಗಿ ನಾಲ್ಕನೇ ದಿನದ ನಂತರವೇ ಕಾಣಿಸುವುದು. ಡಿಸ್ಚಾರ್ಜ್ ದಿನ ಗಾಯ ಒಣಗಿ ಅಚ್ಚುಕಟ್ಟಾಗಿತ್ತು ಎಂಬುದರಿಂದ ಮುಂದಿನ ವಾರಕ್ಕೆ ಭರವಸೆ ಸಿಗುವುದಿಲ್ಲ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ, ಅಂಚು ಕೆಂಪಾಗಿ ಗಟ್ಟಿಯಾದರೆ, ನೀರು ಅಥವಾ ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತೋರಿಸಬೇಕು. ಗಾಯ ಮಾಮೂಲಿದ್ದು ಜ್ವರ, ಕೆಳಹೊಟ್ಟೆ ನೋವು, ವಾಸನೆಯ ಸ್ರಾವ ಇದ್ದರೆ ಸೋಂಕು ಗರ್ಭಕೋಶದಲ್ಲಿ ಇರಬಹುದು. ಹೊಟ್ಟೆ ಜೋತುಬಿದ್ದವರಲ್ಲಿ ಮಡಿಕೆಯ ಅಡಿ ಸದಾ ಬೆವರಿರುವುದರಿಂದ ದಿನಕ್ಕೆರಡು ಸಲ ಎತ್ತಿ ನೋಡಿ ಒತ್ತಿ ಒರೆಸಬೇಕು, ಉಜ್ಜಬಾರದು, ಪೌಡರ್ ಹಾಕಬಾರದು. ಗಾಯದ ಸುತ್ತ ಮರಗಟ್ಟಿದಂತೆ ಇರುವುದು ತಿಂಗಳುಗಟ್ಟಲೆ ಉಳಿಯಬಹುದು, ಅದು ರೋಗವಲ್ಲ.

ಮಗುವಿನ ಕಡೆಯಿಂದಲೂ ಇದೇ ಲೆಕ್ಕ. ಸಿಸೇರಿಯನ್ ಆದವರಲ್ಲಿ ಹಾಲು ತುಂಬಿಕೊಳ್ಳುವುದು ಸ್ವಲ್ಪ ತಡವಾಗಬಹುದು, ಮೂರನೇ ನಾಲ್ಕನೇ ದಿನದವರೆಗೂ. ಅಲ್ಲಿಯವರೆಗೆ ಬರುವ ಗಿಣ್ಣುಹಾಲು ಕೆಲವೇ ಹನಿ ಅನಿಸಿದರೂ ದಿನಕ್ಕೆ 8ರಿಂದ 12 ಸಲ ಎದೆಗೆ ಹಚ್ಚಬೇಕು. ಹುಟ್ಟಿದ ತೂಕದಲ್ಲಿ ಸ್ವಲ್ಪ ಇಳಿಯುವುದು ಸಹಜ, ಶೇ. 10ರ ಹತ್ತಿರ ಹೋದರೆ ಎಚ್ಚರ: 3 ಕೆ.ಜಿ. ಮಗುವಿಗೆ ಅದು 300 ಗ್ರಾಂ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಒದ್ದೆ ಬಟ್ಟೆ ಎಣಿಸಿ. ಮೊದಲ ದಿನ ಕನಿಷ್ಠ ಒಂದು, ಎರಡನೇ ದಿನ ಎರಡು, ಮೂರನೇ ದಿನ ಮೂರು, ವಾರ ತುಂಬುವ ಹೊತ್ತಿಗೆ ದಿನಕ್ಕೆ ಆರಕ್ಕೆ ಕಡಿಮೆಯಿಲ್ಲ. ಮೊದಲೆರಡು ದಿನ ಬಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ ಕಂಡರೆ ಪರವಾಗಿಲ್ಲ, ನಾಲ್ಕನೇ ದಿನವೂ ಕಂಡರೆ ಹಾಲು ಸಾಲುತ್ತಿಲ್ಲ. ಕಪ್ಪು ಮಲ ನಾಲ್ಕೈದನೇ ದಿನಕ್ಕೆ ಹಳದಿಗೆ ತಿರುಗಿರಬೇಕು.

ಕಾಮಾಲೆ ಏರುವುದು ಮೂರರಿಂದ ಐದನೇ ದಿನ. 24 ಗಂಟೆಯೊಳಗೇ ಹಳದಿ ಕಂಡರೆ ಅದು ಸಹಜ ಕಾಮಾಲೆಯಲ್ಲ, ಕೂಡಲೇ ಪರೀಕ್ಷೆ ಆಗಬೇಕು. ಬೆಳಕಿನಲ್ಲಿ ಮಗುವಿನ ಎದೆಯ ಚರ್ಮ ಒತ್ತಿ ಬಿಟ್ಟು ಹಳದಿ ಇದೆಯೇ ನೋಡಿ, ಮೈಬಣ್ಣ ಕಪ್ಪಾಗಿದ್ದರೆ ಕಣ್ಣಿನ ಬಿಳಿಭಾಗ, ಒಸಡು ನೋಡಿ. ಹಳದಿಯ ಜೊತೆ ಮಗು ಮಂಕಾಗಿ ಹಾಲು ಬಿಟ್ಟರೆ ತಡಮಾಡಬಾರದು, ರಕ್ತದಲ್ಲಿ ಈ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಮಿತಿಮೀರಿದರೆ ಮೆದುಳಿಗೇ ಪೆಟ್ಟು. ಬಿಸಿಲು ಕಾಯಿಸುವುದು ಇದಕ್ಕೆ ಚಿಕಿತ್ಸೆಯಲ್ಲ. 72 ಗಂಟೆಗೆ ಮೊದಲು ಮನೆಗೆ ಹೋಗುವ ಮಗುವನ್ನು ಮುಂದಿನ ಎರಡು ದಿನದೊಳಗೆ ಮತ್ತೆ ತೋರಿಸುವ ದಿನ, ಗಂಟೆ ನಿಗದಿಯಾಗದೆ ಹೊರಡಬೇಡಿ.

ಹೆಚ್ಚು ದಿನ ಉಳಿಯಬೇಕಾದವರು ಯಾರು? ಬಿ.ಪಿ. ಹತೋಟಿಗೆ ಬರದವರು, ಜ್ವರ ಇಳಿದು 24 ಗಂಟೆ ಆಗದವರು, ಬಹಳ ರಕ್ತ ಹೋಗಿ ನಿಂತರೆ ತಲೆ ಸುತ್ತುವವರು, ಆಪರೇಷನ್ನಿನಲ್ಲಿ ಮೂತ್ರಚೀಲಕ್ಕೋ ಕರುಳಿಗೋ ಪೆಟ್ಟಾದವರು. ಮೂತ್ರಚೀಲ ಹೊಲಿದಿದ್ದರೆ ಕ್ಯಾಥೆಟರ್ ಸಾಮಾನ್ಯವಾಗಿ 7ರಿಂದ 14 ದಿನ ಇರುತ್ತದೆ, ಕೆಲವರು ಅದರೊಂದಿಗೇ ಮನೆಗೆ ಹೋಗುತ್ತಾರೆ. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ, ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ಬೆಳೆಸದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಆಗಬೇಕು. ಬೇಗ ಹೊರಡುವ ಗಡಿಬಿಡಿಯಲ್ಲಿ ಇದು ಮರೆತರೆ ಪೆಟ್ಟು ಬೀಳುವುದು ಮುಂದಿನ ಮಗುವಿಗೆ.

ಮನೆಗೆ ಹೋದಮೇಲೆ ಕೂಡಲೇ ವಾಪಸಾಗಬೇಕಾದ ಗುರುತುಗಳಲ್ಲಿ ಮೇಲೆ ಹೇಳದೆ ಉಳಿದವು: ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೊಯ್ಯುವುದು, ನಿಂಬೆಹಣ್ಣಿನಷ್ಟು ದಪ್ಪದ ಹೆಪ್ಪು ಬೀಳುವುದು, ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು. ಮೂರನೇ ದಿನದ ಹೊತ್ತಿಗೆ ಸುಮ್ಮಸುಮ್ಮನೆ ಅಳು ಬರುವುದು ಬಹುಮಂದಿಗೆ ಇದ್ದದ್ದೇ. ಎರಡು ವಾರ ದಾಟಿಯೂ ಮನಸ್ಸು ಕುಸಿದೇ ಇದ್ದರೆ ಅದು ಖಿನ್ನತೆ ಇರಬಹುದು, ತೋರಿಸಬೇಕು. ನಿದ್ದೆಯೇ ಇಲ್ಲದೆ ಇಲ್ಲದ್ದು ಕಾಣುವುದು, ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ಭಯ ಶುರುವಾದರೆ ಒಂದು ದಿನವೂ ಕಾಯಬಾರದು, ತಾಯಿಯನ್ನು ಒಂಟಿಯಾಗಿ ಬಿಡಬಾರದು.

ಹೊರಡುವಾಗ ಡಿಸ್ಚಾರ್ಜ್ ಕಾಗದವನ್ನು ಅಲ್ಲೇ ಕೂತು ಓದಿ. ಔಷಧಗಳ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ಸಿಸೇರಿಯನ್ ಯಾಕೆ ಮಾಡಿದರು, ಎಷ್ಟು ರಕ್ತ ಹೋಯಿತು, ಹೊಲಿಗೆ ತಾನಾಗಿ ಕರಗುವುದೋ ತೆಗೆಸಬೇಕಾದದ್ದೋ, ತೆಗೆಸುವುದಾದರೆ ಎಂದು, ಇಷ್ಟೂ ಇರಬೇಕು. ಮುಖ್ಯವಾಗಿ, ಗರ್ಭಕೋಶವನ್ನು ಹೇಗೆ ಕೊಯ್ದರು ಎಂಬ ಸಾಲು. ಹೊಟ್ಟೆಯ ಚರ್ಮದ ಗೆರೆ ನೋಡಿ ಒಳಗಿನದನ್ನು ಹೇಳಲಾಗದು. ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸುವ ದಾರಿ ತೆರೆದಿರುತ್ತದೆ. ಮೇಲ್ಭಾಗಕ್ಕೆ ಉದ್ದ ಕೊಯ್ದಿದ್ದರೆ ಮುಂದಿನ ಸಲ ಹೆರಿಗೆ ನೋವು ಬರುವುದಕ್ಕೆ ಮೊದಲೇ ಮತ್ತೆ ಸಿಸೇರಿಯನ್ ಮಾಡಬೇಕಾಗುತ್ತದೆ, ಯಾಕೆಂದರೆ ಆ ಗಾಯ ಬಿರಿಯುವ ಅಪಾಯ ಹೆಚ್ಚು. ಈ ಸಾಲು ಕಾಗದದಲ್ಲಿ ಇಲ್ಲದಿದ್ದರೆ ಬರೆಸಿಕೊಂಡು, ಫೋಟೊ ತೆಗೆದಿಟ್ಟುಕೊಂಡು ಹೊರಡಿ.