ಕೊಲ್ಹಾರದ ಸೇತುವೆ ಮತ್ತು 17ರ ಮಗ್ಗಿ

ವಿಜಯಪುರದಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗುವಾಗ ಕೊಲ್ಹಾರ ದಾಟಿ ಸೇತುವೆ ಹತ್ತಿದ ಕೂಡಲೇ ಎರಡೂ ಬದಿಗೆ ಕೃಷ್ಣೆಯ ಹಿನ್ನೀರು ಕಾಣುತ್ತದೆ. ಎಲ್ಲರೂ ಕಿಟಕಿಯತ್ತ ತಿರುಗುವ ಆ ಹೊತ್ತಿಗೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಿಲ್ದಾಣದಲ್ಲಿ ಮೂತ್ರ ವಿಸರ್ಜಿಸಿಯೇ ಬಸ್ಸು ಹತ್ತಿದ್ದರೂ, ಅಷ್ಟು ನೀರು ಕಣ್ಣಿಗೆ ಬಿದ್ದರೆ ಸಾಕು, ತಡೆಯಲಾಗದ ಅವಸರ ಶುರುವಾಗುತ್ತಿತ್ತು. ಒಮ್ಮೆ ಎದ್ದು ಕೇಳಿದ್ದಕ್ಕೆ ಕಂಡಕ್ಟರ್, “ಅಕ್ಕಾರ, ಬೀಳಗಿ ಕ್ರಾಸಿಗೆ ನಿಲ್ಲಸ್ತೀನಿ, ಅಲ್ಲೀತನಕ ಸ್ವಲ್ಪ ತಡಕೋರಿ” ಎಂದರು. ಆ ‘ಸ್ವಲ್ಪ’ ಎಷ್ಟು ಉದ್ದವಿತ್ತೆಂಬುದನ್ನು ಇಲ್ಲಿ ಬರೆಯಲಾರೆ.

ಮನೆಯಲ್ಲಿ ಅತ್ತೆಯವರದು ಒಂದೇ ಮಾತು: “ಬರೇ ಅದನ್ನ ಧ್ಯಾನಾ ಮಾಡತಿ, ಮನಸ್ಸು ಗಟ್ಟಿ ಮಾಡ್ಕೋ.”

ಕೊನೆಗೆ ವೈದ್ಯರನ್ನು ಕಂಡೆ. ಸೋಂಕಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ ಎಂಬುದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ, ಮೂರು ದಿನ ಪ್ರತಿ ಸಲವೂ ಮೂತ್ರವನ್ನು ಅಳೆದು ಬರೆದಿಡಲು ಹೇಳಿದರು. ಅಡುಗೆಮನೆಯ ಹಳೆಯ ಅಳತೆಯ ಮಗ್ ಬಚ್ಚಲುಮನೆ ಸೇರಿತು. ಎರಡನೆಯ ದಿನ 13 ಸಲ ಹೋಗಿದ್ದೆ. ಹೆಚ್ಚಿನ ಸಲ 100ರಿಂದ 130 ಮಿಲಿ ಮಾತ್ರ. ವಯಸ್ಕರ ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿಲಿಯಷ್ಟು ಹಿಡಿದಿಡಬಲ್ಲದು. ಅಂದರೆ ‘ಇನ್ನು ಆಗುವುದಿಲ್ಲ’ ಎಂದು ನಾನು ಓಡಿದಾಗಲೆಲ್ಲ ಅದು ಕಾಲುಭಾಗವಷ್ಟೇ ತುಂಬಿರುತ್ತಿತ್ತು.

ವೈದ್ಯರು ಇದಕ್ಕೆ ಓವರ್‌ಆಕ್ಟಿವ್ ಬ್ಲ್ಯಾಡರ್, ಅಂದರೆ ಅತಿಯಾಗಿ ಚುರುಕಾದ ಮೂತ್ರಕೋಶ, ಎಂದರು. ಆ ಹೆಸರು ಎಲ್ಲ ತಪ್ಪನ್ನೂ ಮೂತ್ರಕೋಶದ ಮೇಲೆಯೇ ಹೊರಿಸುತ್ತದೆ. ಕೆಲವರಲ್ಲಿ ಅದರ ಸ್ನಾಯು ಅಕಾಲದಲ್ಲಿ ಸಂಕುಚಿಸುವುದು ನಿಜ. ಆದರೆ ಪರೀಕ್ಷೆಯಲ್ಲಿ ಅಂಥ ಸಂಕೋಚನ ಕಾಣದವರಿಗೂ ಇದೇ ಅವಸರ ಇರುತ್ತದೆ. ಮೂತ್ರಕೋಶ ಹಿಗ್ಗಿದ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳುಕಾಂಡಕ್ಕೆ ಹೋಗುತ್ತದೆ. ವಿಸರ್ಜನೆಗೆ ಅಪ್ಪಣೆ ಕೊಡುವ ಕೇಂದ್ರವೂ ಅಲ್ಲಿಯೇ ಇದೆ ಎಂಬುದನ್ನು 1925ರಲ್ಲಿ ಬ್ಯಾರಿಂಗ್ಟನ್ ಎಂಬ ಶಸ್ತ್ರವೈದ್ಯರು ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಸುದ್ದಿ ಅಲ್ಲಿಂದ ಇನ್ನೂ ಮೇಲೇರಿ, ದೇಹದೊಳಗಿನ ಸ್ಥಿತಿಗತಿಯನ್ನು ಅನುಭವಕ್ಕೆ ತರುವ ಇನ್ಸುಲಾ ಎಂಬ ಭಾಗವನ್ನು ತಲುಪುತ್ತದೆ. ಹೋಗಬೇಕೋ ಕಾಯಬೇಕೋ ಎಂಬುದನ್ನು ಹಣೆಯ ಹಿಂದಿನ ಮುಮ್ಮಿದುಳು ತೂಗಿ ನೋಡುತ್ತದೆ.

ತೆಳುವಾದ ನಳಿಕೆಯಿಂದ ಮೂತ್ರಕೋಶಕ್ಕೆ ನೀರು ತುಂಬುತ್ತ, ಹೊರತೆಗೆಯುತ್ತ, ಅದೇ ವೇಳೆಗೆ ಎಂಆರ್‌ಐ ಯಂತ್ರದಲ್ಲಿ ಮಿದುಳಿನ ಚಟುವಟಿಕೆಯನ್ನು ನೋಡುವ ಅಧ್ಯಯನಗಳು ನಡೆದಿವೆ. ಅವಸರದ ತೊಂದರೆ ಇರುವವರಲ್ಲಿ ಇನ್ಸುಲಾ ಮತ್ತು ಎಚ್ಚರಿಕೆ ಹೊರಡಿಸುವ ಸಿಂಗುಲೇಟ್ ಭಾಗಗಳು ಹೆಚ್ಚು ತೀವ್ರವಾಗಿ ಸ್ಪಂದಿಸುವುದೂ, ಈ ಭಾಗಗಳಿಗೂ ಮುಮ್ಮಿದುಳಿಗೂ ನಡುವಿನ ಹೊಂದಾಣಿಕೆ ಬೇರೆ ಬಗೆಯದಾಗಿರುವುದೂ ಅವುಗಳಲ್ಲಿ ಕಂಡುಬಂದಿದೆ. ಒಟ್ಟಿನಲ್ಲಿ, 120 ಮಿಲಿಯ ಸಣ್ಣ ವರದಿಯನ್ನು ನನ್ನ ಮಿದುಳು ತುರ್ತು ತಂತಿಯಂತೆ ಓದುತ್ತಿತ್ತು. ನೀರಿನ ನೋಟ, ನಲ್ಲಿಯ ಸದ್ದು, ಮನೆಯ ಕೀಲಿಗೆ ಕೀಲಿಕೈ ಹಾಕುವ ಗಳಿಗೆ ಇವೆಲ್ಲ ಶೌಚಾಲಯದೊಂದಿಗೆ ವರ್ಷಾನುಗಟ್ಟಲೆ ಗಂಟುಬಿದ್ದಿರುವುದರಿಂದ ಅವಸರವನ್ನು ಕೆರಳಿಸಬಲ್ಲವು.

ಇದನ್ನು ವಿವರಿಸಿದಾಗ ಅತ್ತೆಯವರು, “ಹಂಗಂದ್ರ ನಾ ಹೇಳಿದ್ದ ಖರೆ ಆತಲ್ಲ, ಎಲ್ಲಾ ತಲಿಯೊಳಗ ಐತಿ” ಎಂದರು. ತಲೆಯೊಳಗಿರುವುದು ಹೌದು, ಆದರೆ ಕಲ್ಪನೆಯಲ್ಲ. ಕೈಗೆ ಬಿಸಿ ತಗುಲಿದಾಗಿನ ಉರಿಯನ್ನೂ ನಾವು ಅರಿಯುವುದು ಮಿದುಳಿನಲ್ಲಿಯೇ. ನನಗೆ ಈ ವ್ಯತ್ಯಾಸ ಮಾತ್ರೆಗಿಂತ ಹೆಚ್ಚು ನೆಮ್ಮದಿ ಕೊಟ್ಟಿತು. ಮಾತ್ರೆಯನ್ನೂ ತೆಗೆದುಕೊಂಡೆ, ಬಾಯಿ ಒಣಗಿತು, ಸ್ವಲ್ಪ ಗುಣವೂ ಆಯಿತು.

ಹೆಚ್ಚು ಫಲ ಕೊಟ್ಟದ್ದು ಅಭ್ಯಾಸ. ಅವಸರವು ಅಲೆಯಂತೆ ಏರಿ ತಾನಾಗಿಯೇ ಇಳಿಯುತ್ತದೆ; ಅದು ಏರಿದಾಗ ಓಡದೆ, ನಿಂತಲ್ಲಿಯೇ ನಿಂತು, ಮೂತ್ರವನ್ನು ತಡೆಹಿಡಿಯುವ ಶ್ರೋಣಿಯ ತಳದ ಸ್ನಾಯುಗಳನ್ನು ನಾಲ್ಕೈದು ಸಲ ಬಿಗಿಹಿಡಿದು ಬಿಡಬೇಕು, ಗಮನವನ್ನು ಲೆಕ್ಕಕ್ಕೆ ಹಚ್ಚಬೇಕು. ನೂರರಿಂದ ಏಳೇಳು ಕಳೆಯುತ್ತ ಬರಲು ವೈದ್ಯರು ಹೇಳಿದ್ದರು. ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಅದು ತೀರ ಸಲೀಸಾದ್ದರಿಂದ 17ರ ಮಗ್ಗಿಯನ್ನು ತಲೆಕೆಳಗಾಗಿ ಹೇಳತೊಡಗಿದೆ.

ಹೋದ ತಿಂಗಳು ಬಾಗಲಕೋಟೆಗೆ ಹೋದಾಗ ಸೇತುವೆಯ ಮೇಲೆ ಕಣ್ಣು ತೆರೆದೇ ಕುಳಿತಿದ್ದೆ. ಹದಿನೇಳು ನಾಕಲೆ ಅರವತ್ತೆಂಟಕ್ಕೆ ಬರುವಷ್ಟರಲ್ಲಿ ಅಲೆ ಇಳಿದಿತ್ತು. ಮನೆಯ ಕೀಲಿಯ ಮುಂದೆ ಮಾತ್ರ ಇನ್ನೂ ಸೋಲುತ್ತೇನೆ. ಅದಕ್ಕೆ ಸದ್ಯ ಕೀಲಿಕೈ ಯಜಮಾನರ ಕೈಯಲ್ಲಿದೆ.