ಊಟದ ಜಾಗಕ್ಕೆ ಬಂದು ಕೂತ ಕಾಫಿ

ಕಾಫಿ ಬಿಡಿ ಎಂದು ನನಗೆ ಯಾರೂ ಹೇಳಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟೇ: "ಕಬ್ಬಿಣದ ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆ ಅಂತರ ಇರಲಿ. ಊಟ, ತಿಂಡಿ ಜೊತೆ ಕಾಫಿ ಬೇಡ." ನನ್ನ ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ಹೆಂಗಸರಿಗೆ 12 ಆದರೂ ಇರಬೇಕು. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರೆ ಕಣ್ಣು ಕತ್ತಲೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾಗಿ ರಕ್ತ ಹೆಚ್ಚು ಹೋಗುತ್ತಿದ್ದದ್ದೇ ಮುಖ್ಯ ಕಾರಣ, ಅದಕ್ಕೆ ಬೇರೆ ಚಿಕಿತ್ಸೆ ಆಯಿತು. ಆದರೆ ಆ ಎರಡು ಗಂಟೆಯ ಅಂತರವನ್ನು ದಿನದಲ್ಲಿ ಎಲ್ಲಿ ಹುಡುಕುವುದು ಎಂದು ನೋಡಲು ನನ್ನ ಕಾಫಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ.

ಬೆಳಗ್ಗೆ ಐದೂವರೆಗೆ ಅತ್ತೆಯೂ ನಾನೂ ಕೂತು ಕುಡಿಯುವುದು ಮೊದಲನೆಯದು. ದೋಸೆ ಹುಯ್ಯುತ್ತಾ ಒಲೆಯ ಪಕ್ಕದಲ್ಲಿ ಇಟ್ಟುಕೊಂಡು ಕುಡಿಯುವುದು ಆಮೇಲಿನದು. ತಿಂಡಿ ತಿನ್ನಲು ಪುರುಸೊತ್ತಾದರೆ ಅದರ ಮೇಲೊಂದು, ಪುರುಸೊತ್ತಾಗದಿದ್ದರೆ ತಿಂಡಿಯ ಬದಲಿಗೇ ಒಂದು. ಹನ್ನೊಂದು ಗಂಟೆಗೆ ಸ್ಟಾಫ್ ರೂಮಿನ ಫ್ಲಾಸ್ಕ್. ಮಧ್ಯಾಹ್ನ ಬುತ್ತಿ ಮುಚ್ಚಿದ ಕೂಡಲೇ ಅದೇ ಫ್ಲಾಸ್ಕಿನಲ್ಲಿ ಉಳಿದದ್ದು. ಸಂಜೆ ಮನೆಗೆ ಬಂದ ಮೇಲೆ, ಮನೆಗೆ ಯಾರಾದರೂ ಬಂದರೆ ಅವರ ಜೊತೆ, ಪರೀಕ್ಷೆಯ ಪೇಪರು ತಿದ್ದುವ ರಾತ್ರಿಗಳಲ್ಲಿ ಇನ್ನೊಂದು.

ಹಾಳೆ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲೋಟಗಳು ಇದ್ದದ್ದು ನಾನು ಏನನ್ನಾದರೂ ತಿನ್ನಬೇಕಾಗಿದ್ದ ಹೊತ್ತಿನಲ್ಲಿ. ಎಲ್ಲರಿಗೂ ತಟ್ಟೆ ಹಾಕಿ, ಡಬ್ಬಿ ಕಟ್ಟಿ, ಬಸ್ಸಿಗೆ ಓಡುವ ಮೊದಲು ನಿಂತುಕೊಂಡೇ ಗಂಟಲಿಗೆ ಹುಯ್ದುಕೊಳ್ಳುವ ಆ ಲೋಟ ನನ್ನ ತಿಂಡಿಯಾಗಿತ್ತು. ಬಿಸಿ ಹಾಲು, ಸಕ್ಕರೆ ಹೊಟ್ಟೆಗೆ ಬಿದ್ದರೆ ಹಸಿವು ಸುಮ್ಮನಾಗುತ್ತದೆ, ಮೈಗೆ ಎಚ್ಚರವೂ ಬರುತ್ತದೆ. ಮಧ್ಯಾಹ್ನ ಒಂದು ಗಂಟೆಯವರೆಗೆ ನಡೆಯುತ್ತದೆ. ನಮ್ಮ ಸ್ಟಾಫ್ ರೂಮಿನ ಹೆಂಗಸರನ್ನು ಕೇಳಿದೆ, "ಬೆಳಗ್ಗೆ ಏನು ತಿಂದ್ರಿ?" ಎಂದು. "ಕಾಫಿ ಆಯ್ತು ಮೇಡಂ" ಎಂದವರೇ ಜಾಸ್ತಿ. ಅಡುಗೆ ಮಾಡಿ ಬಡಿಸುವ ನಾವು ಕಾಫಿಯನ್ನು ಊಟದ ಜಾಗದಲ್ಲಿ ಕೂರಿಸಿದ್ದೇವೆ. ಈ ಬರಹ ಬರೆಯುತ್ತಿರುವುದು ಅದನ್ನು ಹೇಳಲಿಕ್ಕೇ.

ನಾನು ಹುಟ್ಟಿದ್ದು ಮೂಡಿಗೆರೆ ಕಡೆ. ಅಪ್ಪನದು ಸಣ್ಣ ಕಾಫಿ ತೋಟ, ಮೇಲಿನ ಗುಡ್ಡದಲ್ಲಿ ಅರೇಬಿಕಾ, ಕೆಳಗೆ ರೋಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು. ಈಗ ಅಣ್ಣ ನೋಡಿಕೊಳ್ಳುತ್ತಾನೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ಪುಡಿ ತವರಿನದೇ. ಮಾರಾಟಕ್ಕೆ ಹೋಗದೆ ಮನೆಗೆ ಉಳಿಸಿಕೊಂಡ ಬೀಜ ಹುರಿಸಿ, ಪುಡಿ ಮಾಡಿಸಿ ಅತ್ತಿಗೆ ಕಳಿಸಿಕೊಡುತ್ತಾರೆ. ಅದರಲ್ಲಿ ರೋಬಸ್ಟಾದ ಪಾಲೇ ಹೆಚ್ಚು. ಹಾಗಾಗಿ ಕೆಫೀನೂ ಹೆಚ್ಚು: ಅರೇಬಿಕಾ ಬೀಜದಲ್ಲಿ ಕೆಫೀನ್ ತೂಕದ ಶೇಕಡಾ 1.2ರ ಆಸುಪಾಸು ಇದ್ದರೆ ರೋಬಸ್ಟಾದಲ್ಲಿ ಅದರ ಸುಮಾರು ಎರಡರಷ್ಟು. ತೋಟದ ಮನೆಗಳ ಕಾಫಿ ಪೇಟೆಯ ನೆಂಟರಿಗೆ ಕಟುವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಕಾಫಿ, ಟೀ ಬಗ್ಗೆಯೂ ಇದೆ. 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್‌ನಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ಊಟಕ್ಕೆ ಮೊದಲು ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ ಕಾಫಿ ಟೀ ಕುಡಿಯಬಾರದು ಎಂದೂ ಹೇಳಿದ್ದಾರೆ. ಅದಕ್ಕೆ ಕಾರಣ ಕೆಫೀನ್ ಅಲ್ಲ. ಕಾಫಿಯಲ್ಲೂ ಟೀಯಲ್ಲೂ ಇರುವ ಪಾಲಿಫಿನಾಲುಗಳು ಹೊಟ್ಟೆಯಲ್ಲಿ ಆಹಾರದ ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಸೊಪ್ಪು, ಕಾಳು, ರಾಗಿಯಿಂದ ಬರುವ ಕಬ್ಬಿಣಕ್ಕೆ ಈ ತೊಂದರೆ ಹೆಚ್ಚು. ನಮ್ಮಂಥ ಸಸ್ಯಾಹಾರಿಗಳಿಗೆ ಇರುವುದೇ ಆ ಕಬ್ಬಿಣ. ಕೆಫೀನ್ ತೆಗೆದ ಕಾಫಿ ಕುಡಿದರೆ ಸರಿಹೋಗುತ್ತದೆ ಎಂದುಕೊಂಡವರು ಇದನ್ನು ಗಮನಿಸಬೇಕು, ಕೆಫೀನ್ ಹೋದರೂ ಪಾಲಿಫಿನಾಲುಗಳು ಇದ್ದೇ ಇರುತ್ತವೆ.

ನನಗೆ ತುಂಬ ಉಪಯೋಗಕ್ಕೆ ಬಂದದ್ದು 1983ರ ಒಂದು ಅಮೆರಿಕನ್ ಅಧ್ಯಯನ. ಊಟದ ಜೊತೆ ಒಂದು ಕಪ್ ಕಾಫಿ ಕೊಟ್ಟಾಗ ಕಬ್ಬಿಣ ಹೀರಿಕೆ ಶೇಕಡಾ 39ರಷ್ಟು ಇಳಿಯಿತು, ಟೀ ಕೊಟ್ಟಾಗ 64ರಷ್ಟು. ಊಟವಾಗಿ ಒಂದು ಗಂಟೆ ಬಿಟ್ಟು ಕಾಫಿ ಕೊಟ್ಟರೂ ಜೊತೆಯಲ್ಲಿ ಕೊಟ್ಟಷ್ಟೇ ಇಳಿಕೆ. ಆದರೆ ಊಟಕ್ಕೆ ಒಂದು ಗಂಟೆ ಮೊದಲೇ ಕೊಟ್ಟ ಕಾಫಿಯಿಂದ ಯಾವ ಇಳಿಕೆಯೂ ಕಾಣಲಿಲ್ಲ. ಅದನ್ನು ಓದಿ ನನಗಾದ ಸಮಾಧಾನ ದೊಡ್ಡದು. ಐದೂವರೆಯ ಕಾಫಿ ಉಳಿಯಿತು! ಅತ್ತೆಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಮನೆ ಗದ್ದಲವಿಲ್ಲದ ಆ ಹೊತ್ತಿನಲ್ಲಿ ಮಾತ್ರ ನಮ್ಮಿಬ್ಬರಿಗೆ ಸರಾಗವಾಗಿ ಮಾತಾಡಲು ಆಗುವುದು. ಏಳೂವರೆಗೆ ತಿಂಡಿ ಎಂದರೆ ನಡುವೆ ಎರಡು ಗಂಟೆ ಸಿಗುತ್ತದೆ. ಆ ಲೋಟವನ್ನು ಬಿಡಿಸಲು ಬರುವವರ ಜೊತೆ ನಾನು ವಾದಕ್ಕೆ ನಿಲ್ಲುತ್ತೇನೆ.

ಉಳಿದವು ಹೋದವು. ಒಲೆಯ ಪಕ್ಕದ್ದು, ತಿಂಡಿಯ ಮೇಲಿನದ್ದು, ಬುತ್ತಿಯ ಮೇಲಿನದ್ದು, ರಾತ್ರಿಯದ್ದು. ಹನ್ನೊಂದು ಗಂಟೆಗೆ ಮಾತ್ರೆ ಬಂತು, ನಿಂಬೆರಸದ ನೀರಿನ ಜೊತೆ, ಏಕೆಂದರೆ ವಿಟಮಿನ್ ಸಿ ಕಬ್ಬಿಣದ ಹೀರಿಕೆಗೆ ಸಹಾಯ ಮಾಡುತ್ತದೆ. ಸಂಜೆ ನಾಲ್ಕೂವರೆಗೆ ಒಂದು ಸಣ್ಣ ಲೋಟ ಇಟ್ಟುಕೊಂಡೆ. ಅದನ್ನು ಅದಕ್ಕಿಂತ ತಡ ಮಾಡುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಸಾಮಾನ್ಯವಾಗಿ ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಒಂಬತ್ತು ಗಂಟೆಗೆ ಕುಡಿದದ್ದು ನಡುರಾತ್ರಿ ಎರಡಕ್ಕೂ ಅರ್ಧ ಮೈಯಲ್ಲೇ ಇದ್ದರೆ ನಿದ್ದೆ ಹೇಗೆ ಬಂದೀತು?

ತಲೆನೋವು ಬಂತು. ಕಣ್ಣಿನ ಹಿಂದೆ ಶುರುವಾಗಿ ಹಣೆಯಿಡೀ ಬಿಗಿಯುವ ನೋವು, ಜೊತೆಗೆ ಅಳು ಬರುವಷ್ಟು ಆಯಾಸ, ಯಾರು ಮಾತಾಡಿಸಿದರೂ ಸಿಟ್ಟು. ನಮ್ಮ ಮಿದುಳಿನಲ್ಲಿ ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಎಂಬ ವಸ್ತುವಿನ ಜಾಗವನ್ನು ಕೆಫೀನ್ ಆಕ್ರಮಿಸಿರುತ್ತದೆ. ವರ್ಷಗಟ್ಟಲೆ ಹಾಗಾದಾಗ ಮಿದುಳು ಅಡೆನೊಸಿನ್‌ಗಾಗಿ ಇನ್ನಷ್ಟು ಜಾಗ ಮಾಡಿಕೊಂಡಿರುತ್ತದೆ. ಕೆಫೀನ್ ಒಮ್ಮೆಲೆ ಕಡಿಮೆಯಾದರೆ ಅಷ್ಟೂ ದಣಿವು ಒಟ್ಟಿಗೆ ಎರಗುತ್ತದೆ, ತಲೆಯ ರಕ್ತನಾಳಗಳೂ ಹಿಗ್ಗುತ್ತವೆ. ನಿಲ್ಲಿಸಿ 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಒಂದು ವಾರದ ಆಸುಪಾಸಿನಲ್ಲಿ ಇಳಿಯುವುದು ಇದರ ಕ್ರಮ. ಹೀಗೆ ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ತಡೆದುಕೊಳ್ಳಲು ಬಲ ಬರುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ನೋವು ಕಡಿಮೆ ಮಾಡಿಕೊಳ್ಳಲು ಪುಡಿಯಲ್ಲೂ ಒಂದು ದಾರಿ ಇದೆ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಪುಡಿ ಅಂಗಡಿಯಲ್ಲಿ 80-20 (ಕಾಫಿ 80 ಪಾಲು, ಚಿಕೋರಿ 20) ತರುವವರು ಕೆಲವು ವಾರ 70-30, ಆಮೇಲೆ 60-40 ಹಾಕಿಸಿಕೊಂಡರೆ ಲೋಟದ ಲೆಕ್ಕ ಬದಲಾಗದೆಯೇ ಕೆಫೀನ್ ಇಳಿಯುತ್ತದೆ. ನಮ್ಮ ದೇಶದ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇಕಡಾ 51ರಷ್ಟಾದರೂ ಕಾಫಿ ಇರಲೇಬೇಕು. ತವರಿನಲ್ಲಿ ಚಿಕೋರಿಯನ್ನು ಮನೆಯೊಳಗೆ ಬಿಟ್ಟವರಲ್ಲ, ನನಗೂ ಅದರ ರುಚಿ ಹಿಡಿಸದು. ಅತ್ತಿಗೆಗೆ ಹೇಳಿ ಬರೀ ಅರೇಬಿಕಾ ಪುಡಿ ಮಾಡಿಸಿಕೊಂಡೆ. ಸಂಜೆ ಯಾರಾದರೂ ಬಂದರೆ ಅವರಿಗೆ ಕಾಫಿ, ನನಗೆ ಕೊತ್ತಂಬರಿ, ಜೀರಿಗೆ, ಒಂದಿಷ್ಟು ಮೆಣಸು ಹುರಿದು ಪುಡಿ ಮಾಡಿಟ್ಟ ಕಷಾಯ, ಬೆಲ್ಲ ಹಾಲು ಹಾಕಿ. ಲೋಟ ಕೈಯಲ್ಲಿದ್ದರೆ ಸಾಕು, ಬಂದವರಿಗೆ ಬೇಜಾರಾಗುವುದಿಲ್ಲ.

ತವರಿನಲ್ಲಿ ಮಾತ್ರ ಅದು ನಡೆಯಲಿಲ್ಲ. ಡಿಸೆಂಬರಿನಲ್ಲಿ ಹೋದಾಗ ಕೊಯ್ಲು ಜೋರಾಗಿತ್ತು. ಕಣದ ತುಂಬ ಹಣ್ಣು ಹರಡಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಕಾಫಿ ಲೋಟ ಮುಂದಿಟ್ಟ.

"ಬೇಡ ಅಣ್ಣ, ಈಗ ತಾನೇ ಉಂಡಿದ್ದೀನಲ್ಲ."

"ನಮ್ಮ ತೋಟದ್ದೇ ಕಾಫಿ ಮಾರಾಯ್ತಿ, ಇದಕ್ಕೂ ಬೇಡ ಅಂತೀಯಾ?"

ಅವನ ಮುಖ ಸಣ್ಣದಾಯಿತು. ಎಷ್ಟೋ ವರ್ಷ ಬೆಲೆಯಿಲ್ಲದೆ ಸಾಲ ಮಾಡಿಕೊಂಡು ಉಳಿಸಿದ ಗಿಡಗಳು, ಈಗ ತಾನೇ ಬೆಲೆ ಬಂದಿದೆ. ನಾನು ರಕ್ತ ಪರೀಕ್ಷೆಯ ಚೀಟಿಯನ್ನೇ ತೆಗೆದು ತೋರಿಸಿದೆ. ಅವನು ಓದಿ, ಲೋಟ ಎತ್ತಿಕೊಂಡು ಹೋಗಿ, ನಾಲ್ಕೂವರೆಗೆ ಹೊಸದಾಗಿ ಡಿಕಾಕ್ಷನ್ ಇಳಿಸಿ ತಂದ. ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಹೇಳಲು ನಾವೇ ಹಿಂಜರಿಯುತ್ತೇವೆ.

ಆ ದಿನಗಳಲ್ಲಿ ನನ್ನ ಕಣ್ಣು ಅತ್ತಿಗೆಯ ಮೇಲೇ ಇತ್ತು. ಬೆಳಗ್ಗೆ ಎದ್ದಾಗ ಒಂದು ಲೋಟ, ಕಡುಬು ಬೇಯಿಸುವಾಗ ಒಂದು, ಹತ್ತು ಗಂಟೆಗೆ ಹೆಣ್ಣಾಳುಗಳಿಗೆ ಬೆಲ್ಲದ ಕಾಫಿ ಕುದಿಸಿ ಕೊಟ್ಟು ಅದರಲ್ಲೇ ತಾವೂ ಒಂದು. ಕಡುಬಿನ ತಟ್ಟೆ ಅವರ ಮುಂದೆ ಬಂದದ್ದು ಹನ್ನೊಂದೂವರೆಗೆ, ಅದರ ಪಕ್ಕಕ್ಕೆ ಮತ್ತೆ ಕಾಫಿ. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿಚಿಕೊಂಡಿತ್ತು. ಕಾಫಿ ತೆಗೆದುಕೊಳ್ಳಲು ಬಂದ ಹೆಣ್ಣಾಳುಗಳಲ್ಲಿ ಮನೆಯಿಂದ ಏನೂ ತಿನ್ನದೆ ಬಂದವರೂ ಇದ್ದರು. ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಇಳಿಜಾರಿನಲ್ಲಿ ದಿನವಿಡೀ ನಿಲ್ಲುವವರು. ಅಣ್ಣನಿಗೆ ಹೇಳಿದೆ, ಹತ್ತಕ್ಕೆ ಕಾಫಿ ಬೇಡ, ಒಂಬತ್ತಕ್ಕೆ ತಿನ್ನಲು ಏನಾದರೂ ಕೊಡು, ಅವಲಕ್ಕಿಯಾದರೂ ಸರಿ, ನೆಂದ ಹೆಸರುಕಾಳಾದರೂ ಸರಿ ಎಂದು. ನೋಡುತ್ತೇನೆ ಎಂದಿದ್ದಾನೆ. ನಾನು ಬಿಡುವವಳಲ್ಲ, ಕೇಳುತ್ತಲೇ ಇರುತ್ತೇನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಅರ್ಧಕ್ಕೆ ಹತ್ತಿರ. ಅಷ್ಟೂ ಕಾಫಿಯಿಂದ ಆದದ್ದಲ್ಲ. ತಟ್ಟೆಯಲ್ಲಿ ಏನಿದೆ, ಯಾರು ಕೊನೆಗೆ ಉಣ್ಣುತ್ತಾರೆ, ಮೈಯಿಂದ ಎಷ್ಟು ರಕ್ತ ಹೋಗುತ್ತದೆ, ಹೊಟ್ಟೆಯಲ್ಲಿ ಹುಳ ಇವೆಯೇ, ಎಲ್ಲವೂ ಸೇರಿ ಆಗುವುದು. ಆದರೆ ತಿಂದ ಸ್ವಲ್ಪದಲ್ಲೂ ಒಂದು ಪಾಲನ್ನು ಕಾಫಿ ಟೀಗೆ ಬಿಟ್ಟುಕೊಡುವುದು ಏಕೆ? ನಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತೇವೆ, ಬಿಸಿಯೂಟ ಆದ ಮೇಲೆ. ಈಗ ಮಾತ್ರೆಯ ದಿನ ಹೆಣ್ಣುಮಕ್ಕಳಿಗೆ ಟೀ ಕಾಫಿಯ ವಿಷಯವನ್ನೂ ಹೇಳುತ್ತೇನೆ, ಮನೆಗೆ ಹೋಗಿ ಅಮ್ಮನಿಗೆ ಹೇಳಿ ಎಂದೂ ಸೇರಿಸುತ್ತೇನೆ. ಎಂಟನೇ ತರಗತಿಯ ಒಬ್ಬಳು ಮಾರನೆಯ ದಿನ ಬಂದು, "ಅಮ್ಮ ಕೇಳ್ತಾರೆ ಮಿಸ್, ಟೀ ಬಿಟ್ರೆ ಬೆಳಗ್ಗೆ ಹೊಟ್ಟೆಗೇನು ಅಂತ" ಎಂದಳು. ಆ ಪ್ರಶ್ನೆಯಲ್ಲಿ ಎಲ್ಲವೂ ಇದೆ. ರಾತ್ರಿಯ ಅನ್ನಕ್ಕೆ ಮೊಸರು ಕಲೆಸಿ ತಿನ್ನಲಿ, ಅವರು ಮೊದಲು ತಿನ್ನಲಿ ಎಂದು ಹೇಳಿ ಕಳಿಸಿದೆ.

ನನ್ನದು ಬೇಸಿಗೆ ರಜೆಯ ಹೊತ್ತಿಗೆ 11.4 ಆಯಿತು. ಏರಿಸಿದ್ದು ಮಾತ್ರೆ, ಕಾಫಿಯನ್ನು ಪಕ್ಕಕ್ಕೆ ಸರಿಸಿದ್ದು ಆ ಮಾತ್ರೆಗೆ ದಾರಿ ಬಿಟ್ಟಿತು. ನಿದ್ದೆಯಂತೂ ಚೆನ್ನಾಗಿ ಬರುತ್ತಿದೆ. ಏಳೂವರೆಗೆ ಈಗ ತಟ್ಟೆ ಹಾಕಿಕೊಂಡು ಕೂರುತ್ತೇನೆ, ಮನೆಯವರು ತಮ್ಮ ಡಬ್ಬಿ ತಾವೇ ಕಟ್ಟಿಕೊಳ್ಳುತ್ತಾರೆ.

ಅತ್ತಿಗೆಯ ಪರೀಕ್ಷೆ ಇನ್ನೂ ಆಗಿಲ್ಲ. ಆಗ ಕೇಳಿದರೆ ಕೊಯ್ಲು ಮುಗಿಯಲಿ ಎಂದಿದ್ದರು. ರೋಬಸ್ಟಾ ಕೊಯ್ಲು ಫೆಬ್ರವರಿವರೆಗೆ ಎಳೆಯಿತು, ಆಮೇಲೆ ಗಿಡ ಹೂ ಬಿಡಲು ಬೇಕಾದ ಹೂಮಳೆ ತಡವಾಗಿ ಸ್ಪ್ರಿಂಕ್ಲರ್ ಕೆಲಸ, ಈಗ ಮಳೆಗಾಲಕ್ಕೆ ಮೊದಲು ಗೊಬ್ಬರ ಹಾಕುವುದಿದೆ. ತೋಟದಲ್ಲಿ ಪುರುಸೊತ್ತಿನ ತಿಂಗಳು ಎಂಬುದೇ ಇಲ್ಲ. ಹಾಗಾಗಿ ಬರುವ ಶನಿವಾರ ನಾನೇ ಹೋಗಿ ಅವರನ್ನು ಮೂಡಿಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯ ಮಾಡಿದ್ದೇನೆ. ಹಿಮೋಗ್ಲೋಬಿನ್ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೊರಡೋಣ ಎಂದು ಫೋನಿನಲ್ಲಿ ಹೇಳಿದ್ದೇನೆ. ಅವತ್ತಿನ ಆಳುಗಳ ಕಾಫಿಯನ್ನು ಅಣ್ಣ ಕುದಿಸುತ್ತಾನೆ.